ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ

ಕಳೆದ ನವೆಂಬರ್‌ನಲ್ಲಿ ಮಂಡಿಯ ಅಂಗಳ ದಾಟುತ್ತಿದ್ದಾಗ ಹಮಾಲಿ ಹುಡುಗನೊಬ್ಬ ಹಿಂದಿನಿಂದ ಕೂಗಿದ. "ಅಣ್ಣಾ, ನಿಮ್ ಚಪ್ಪಲಿ ಅಲ್ಲೇ ಉಳೀತಲ್ಲ!" ತಿರುಗಿ ನೋಡಿದರೆ ಬಲಗಾಲಿನ ಹವಾಯಿ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ಅಡಿಕೆ ಚೀಲಗಳ ಪಕ್ಕ ಮಗುಚಿ ಬಿದ್ದಿತ್ತು. ಅಷ್ಟು ದೂರವೂ ನಾನು ಬರಿಗಾಲಲ್ಲಿ ಜಲ್ಲಿಕಲ್ಲು ತುಳಿದುಕೊಂಡು ಬಂದಿದ್ದೆ. ಒಂದು ಕಲ್ಲೂ ಚುಚ್ಚಿರಲಿಲ್ಲ. ಹುಡುಗ ನಕ್ಕ, ನಾನೂ ನಕ್ಕೆ. ರಾತ್ರಿ ಪಾದ ತೊಳೆಯುವಾಗ ಅಂಗಾಲಲ್ಲಿ ರಕ್ತ ಕಂಡಿತು. ಅದು ಯಾವಾಗ ಬಂತೆಂದು ನೆನಪು ಮಾಡಿಕೊಳ್ಳಲು ಹೋದರೆ ನೆನಪಿಗೆ ಏನೂ ಇರಲಿಲ್ಲ.

ನನಗೀಗ 47. ಸಾಗರದ ಕಡೆ ಅಡಿಕೆ ವ್ಯವಹಾರದ ಸಹಕಾರ ಸಂಘವೊಂದರಲ್ಲಿ ಕೆಲಸ. ಇಪ್ಪತ್ತು ವರ್ಷದಿಂದ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಯನ್ನು ಮುಟ್ಟಿ ನೋಡಿ ಹೇಳುತ್ತಾ ಬಂದವನು. ಕೈಯ ಸ್ಪರ್ಶವೇ ನನ್ನ ಅನ್ನ. ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸಿ ಚರ್ಮವನ್ನೂ ನರವನ್ನೂ ಕೆಡಿಸುವ ಒಂದು ಕಾಯಿಲೆಗೆ ಹೋದ ವಾರ ಆರನೇ ಇಂಜೆಕ್ಷನ್ ಮುಗಿಯಿತು, ಚಿಕಿತ್ಸೆಯ ಮೊದಲ ಹಂತ ದಾಟಿದೆ ಎಂದರು. ಈ ಒಂದು ವರ್ಷದಲ್ಲಿ ನಾನು ಎಲ್ಲೆಲ್ಲಿ ಎಡವಿದೆ, ಎಲ್ಲಿ ಸುಮ್ಮನೆ ಕೂತು ದಿನ ಕಳೆದೆ ಅನ್ನುವುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಮಾತ್ರೆಯ ಹೆಸರು ಇಲ್ಲಿ ಓದಿ ಯಾರೂ ಅಂಗಡಿಗೆ ಹೋಗಬೇಡಿ.

ಕಥೆ ಶುರುವಾಗಿದ್ದು ಕಾಲಿನಿಂದಲ್ಲ, ಮೂಗಿನಿಂದ. ಹದಿಮೂರು ವರ್ಷದಿಂದ ನನಗೆ ದಮ್ಮು. ಮೂಗು ಸದಾ ಕಟ್ಟಿರುತ್ತಿತ್ತು, ಒಳಗೆ ದುರ್ಮಾಂಸ ಬೆಳೆದು ಒಮ್ಮೆ ತೆಗೆಸಿಯೂ ಆಗಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಒಂದೇ ಮಾತು: "ಇಸ್ನೋಫಿಲಿಯಾ ಜಾಸ್ತಿ ಇದೆ." ನಮ್ಮ ಕಡೆ ಈ ಶಬ್ದ ನೆಗಡಿಯಷ್ಟೇ ಸಲೀಸು, ಮನೆಗೊಬ್ಬರು ಇಸ್ನೋಫಿಲಿಯಾದವರು ಸಿಗುತ್ತಾರೆ. ಅದು ಕಾಯಿಲೆಯ ಹೆಸರಲ್ಲ, ರಕ್ತದಲ್ಲಿರುವ ಒಂದು ಬಗೆಯ ಬಿಳಿ ಕಣ ಹೆಚ್ಚಾಗಿದೆ ಅಂತಷ್ಟೇ ಅರ್ಥ ಎಂದು ನನಗೆ ತಿಳಿದದ್ದು ಈ ವರ್ಷ. ಹೊಟ್ಟೆಹುಳ, ಅಲರ್ಜಿ, ಫೈಲೇರಿಯಾ, ಯಾವುದರಿಂದಲೂ ಅದು ಏರಬಹುದು. ನನಗೆ ಹುಳದ ಮಾತ್ರೆ ಎಷ್ಟು ಸಲ ಕೊಟ್ಟಿದ್ದಾರೋ ಲೆಕ್ಕವಿಲ್ಲ. ಮೂರು ವಾರದ ಫೈಲೇರಿಯಾ ಮಾತ್ರೆಯ ಕೋರ್ಸನ್ನೇ ಎರಡು ಬಾರಿ ಮುಗಿಸಿದ್ದೇನೆ. ಉಳಿದದ್ದಕ್ಕೆಲ್ಲ ಅಡಿಕೆ ಧೂಳಿನ ಮೇಲೆ ಆರೋಪ. ಧೂಳಿನಲ್ಲಿ ಕೆಲಸ ಮಾಡುವವನಿಗೆ ದಮ್ಮು ಬರದೆ ಇನ್ನೇನು ಬಂದೀತು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಹೋದ ಜೂನ್‌ನಲ್ಲಿ ದಮ್ಮು ವಿಪರೀತವಾಗಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ದಮ್ಮು ಹೂವೆತ್ತಿದ ಹಾಗೆ ಹೋಯಿತು. ಆಗಸ್ಟ್ ಕೊನೆಗೆ ಮಾತ್ರೆ ಇಳಿಸಿ ನಿಲ್ಲಿಸಿದರು. ಎರಡು ವಾರ ಕಳೆಯಿತು. ಕಣಕಾಲಿನ ಮೇಲೆ ಕೆಂಪು ಮಚ್ಚೆಗಳು ಎದ್ದವು.

ಸೆಪ್ಟೆಂಬರ್, ಮಳೆ, ತೋಟ. ಉಂಬಳ ಕಚ್ಚಿದ್ದೆಂದುಕೊಂಡೆವು. ಹೆಂಡತಿ ಸುಣ್ಣ ಹಚ್ಚಿದಳು. ಆದರೆ ಉಂಬಳದ ಗಾಯ ತುರಿಸುತ್ತದೆ, ಇದು ತುರಿಸುತ್ತಿರಲಿಲ್ಲ. ಬೆರಳಾಡಿಸಿದರೆ ಸಾಸಿವೆ ಕಾಳಿನಷ್ಟು ಉಬ್ಬು ಸಿಗುತ್ತಿತ್ತು. ನಾಲ್ಕೈದು ದಿನಕ್ಕೆ ಕಂದಾಗಿ ಮಾಯ, ಮತ್ತೆ ಹದಿನೈದು ದಿನಕ್ಕೆ ಹೊಸತು. ಚರ್ಮದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಪ್ರತಿ ಸಲವೂ ಅಳಿಸಿರುತ್ತಿತ್ತು. ಮುಲಾಮು ಬರೆದುಕೊಟ್ಟರು, ಅವರ ತಪ್ಪೇನೂ ಇಲ್ಲ, ಕಾಲಿನಲ್ಲಿ ತೋರಿಸಲು ನನ್ನ ಬಳಿಯೇ ಏನೂ ಇರಲಿಲ್ಲ. ಇಂಥದ್ದು ಯಾರಿಗಾದರೂ ಬಂದರೆ ಮೊದಲು ಒಂದು ಗಾಜಿನ ಲೋಟ ತೆಗೆದುಕೊಂಡು ಮಚ್ಚೆಯ ಮೇಲೆ ಒತ್ತಿ ನೋಡಿ. ಒತ್ತಿದಾಗ ಕೆಂಪು ಹೋಗದಿದ್ದರೆ ರಕ್ತ ನಾಳದಿಂದ ಹೊರಗೆ ಸೋರಿದೆ ಎಂದು ಅರ್ಥ, ತಡ ಮಾಡುವಂತಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಫೋಟೊ ತೆಗೆದುಕೊಳ್ಳಿ, ತಾರೀಖು ತಾನಾಗಿ ಫೋನಿನಲ್ಲಿ ಉಳಿಯುತ್ತದೆ. ನನ್ನ ಮಗಳು ಅಕ್ಟೋಬರ್‌ನಲ್ಲಿ ತೆಗೆದ ಮೂರು ಫೋಟೊ ಮುಂದೆ ನಾನು ಹೇಳಿದ ಯಾವ ವಿವರಣೆಗಿಂತಲೂ ಹೆಚ್ಚು ಕೆಲಸಕ್ಕೆ ಬಂದವು.

ಅಷ್ಟರಲ್ಲಿ ಜೋಮು ಶುರುವಾಗಿತ್ತು. ಬಲ ಪಾದದ ಮೇಲ್ಭಾಗ ಮೊದಲು. ಆಮೇಲೆ, ಒಂದೇ ರಾತ್ರಿಯಲ್ಲಿ ಅನ್ನುವ ಹಾಗೆ, ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳು. ಜೋಮೆಂದರೆ ಕಾಲು ಮಡಚಿ ಕೂತಾಗ ಹಿಡಿಯುತ್ತದಲ್ಲ, ಅದಲ್ಲ. ಒಳಗಿನಿಂದ ಕೆಂಡದ ಮೇಲೆ ಉಪ್ಪು ಎರಚಿದ ಹಾಗೆ ಚಟಪಟ ಉರಿ. ಮೇಲಿನಿಂದ ಮುಟ್ಟಿದರೆ ಮರದ ತುಂಡು. ಒಂದೇ ಜಾಗ ಉರಿಯುತ್ತದೆ, ಅದೇ ಜಾಗಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ. ಇದನ್ನು ಮನೆಯವರಿಗೆ ಅರ್ಥ ಮಾಡಿಸುವುದರಲ್ಲೇ ನನಗೆ ಸಾಕಾಯಿತು. ರಾತ್ರಿ ಹೊದಿಕೆಯ ಅಂಚು ಪಾದಕ್ಕೆ ತಾಗಿದರೆ ಸಾಕು, ಎದ್ದು ಕೂರುತ್ತಿದ್ದೆ.

ಸಕ್ಕರೆ ಕಾಯಿಲೆ ಇರಬೇಕೆಂದರು. ಖಾಲಿ ಹೊಟ್ಟೆಯಲ್ಲಿ 98 ಬಂತು, ಇಲ್ಲ. ಬಿ12 ಕಡಿಮೆ ಎಂದು ಹತ್ತು ಇಂಜೆಕ್ಷನ್ ಆಯಿತು. ಆಮೇಲೆ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತನ್ನು ಒಬ್ಬ ಹಿರಿಯ ಚರ್ಮವೈದ್ಯರು ಹೇಳಿದರು: "ಮಚ್ಚೆ ಇದೆ, ಸ್ಪರ್ಶ ಇಲ್ಲ ಅಂತೀರಿ. ಕುಷ್ಠ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಣ." ಮೊಣಕೈ ಹಿಂದೆ, ಮೊಣಕಾಲ ಪಕ್ಕ ಬೆರಳಿಟ್ಟು ನರ ದಪ್ಪಗಾಗಿದೆಯೇ ಎಂದು ಉರುಳಿಸಿ ನೋಡಿದರು. ಹತ್ತಿ ತಾಗಿಸಿದರು, ಸೂಜಿ ತಾಗಿಸಿದರು. ಕಿವಿಯ ಹಾಲೆಯನ್ನು ಚೂರು ಗೀರಿ ಗಾಜಿನ ಪಟ್ಟಿಗೆ ಸವರಿಕೊಂಡರು.

ಬಸ್ಸಿನಲ್ಲಿ ಬರುವಾಗ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಾತಿಲ್ಲ. ಮನೆಗೆ ಬಂದ ಮೇಲೆ ನಾನೇ ನನ್ನ ತಟ್ಟೆ ಬೇರೆ ಇಟ್ಟುಕೊಂಡೆ. ಐದನೇ ದಿನ ವರದಿ ಬಂತು, ಕುಷ್ಠ ಅಲ್ಲ. ಅವಳು ಆ ತಟ್ಟೆಯನ್ನು ತೆಗೆದು ಎಲ್ಲ ತಟ್ಟೆಗಳ ಜೊತೆ ಸೇರಿಸಿ ಇಟ್ಟಳು, ಆಗಲೂ ಮಾತಿಲ್ಲ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಕುಷ್ಠವೇ ಆಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ, ಆರು ಇಲ್ಲವೇ ಹನ್ನೆರಡು ತಿಂಗಳಲ್ಲಿ ಗುಣ. ನನಗೆ ಬಂದಿದ್ದ ಕಾಯಿಲೆಗಿಂತ ಅದೇ ಎಷ್ಟೋ ವಾಸಿ. ಆ ವೈದ್ಯರು ಪರೀಕ್ಷೆ ಮಾಡಿದ್ದು ಸರಿಯೇ, ನಮ್ಮ ದೇಶದಲ್ಲಿ ನರ ಮತ್ತು ಚರ್ಮ ಒಟ್ಟಿಗೆ ಕೆಟ್ಟರೆ ಮೊದಲು ನೋಡಬೇಕಾದ್ದು ಅದನ್ನೇ.

ಚಪ್ಪಲಿ ಜಾರಿದ್ದು ಇದಾದ ಮೇಲೆ. ಪಾದದ ಮುಂಭಾಗ ಎತ್ತಲು ಆಗುತ್ತಿರಲಿಲ್ಲ, ಹೊಸ್ತಿಲು ದಾಟುವಾಗ ಹೆಬ್ಬೆರಳು ತಡೆಯುತ್ತಿತ್ತು. ಡಿಸೆಂಬರ್ ಮೊದಲ ವಾರ ಶಿವಮೊಗ್ಗದಲ್ಲಿ ನರರೋಗ ತಜ್ಞರನ್ನು ಕಂಡೆ. ನರದ ಕರೆಂಟ್ ಪರೀಕ್ಷೆ ಎಂದು ಜನ ಕರೆಯುವ ಎನ್‌ಸಿಎಸ್‌ಗೆ 3,500 ರೂಪಾಯಿ. ಹಿಂದಿನ ದಿನದಿಂದ ಕೈಕಾಲಿಗೆ ಎಣ್ಣೆ, ಕ್ರೀಮು ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಸಣ್ಣ ಸಣ್ಣ ಶಾಕ್ ಕೊಟ್ಟು ಅದು ನರದಲ್ಲಿ ಎಷ್ಟು ವೇಗವಾಗಿ, ಎಷ್ಟು ಜೋರಾಗಿ ಹರಿಯುತ್ತದೆ ಎಂದು ನೋಡುತ್ತಾರೆ. ಬಲಗಾಲಲ್ಲಿ ಶಾಕ್ ಕೊಟ್ಟರೂ ಪರದೆಯ ಮೇಲೆ ಗೆರೆ ಏಳಲಿಲ್ಲ, ಮಲಗಿತ್ತು. ಎಡಗಾಲಲ್ಲಿ ಎದ್ದಿತು. ಅದನ್ನು ನೋಡಿದ್ದೇ ಡಾಕ್ಟರು ಕೇಳಿದ್ದು ಕಾಲಿನ ಬಗ್ಗೆ ಅಲ್ಲ.

"ನಿಮಗೆ ದಮ್ಮು ಇದೆಯಾ?"

ಇದೆ ಎಂದೆ. ಮೂಗಿನಲ್ಲಿ ಪಾಲಿಪ್, ಅಂದರೆ ದುರ್ಮಾಂಸ, ಇತ್ತಾ? ಇತ್ತು. ಚರ್ಮದ ಮೇಲೆ ಏನಾದರೂ? ಮಗಳು ಫೋನು ಮುಂದೆ ಹಿಡಿದಳು. ಅವರು ಫೋಟೊ ದೊಡ್ಡದು ಮಾಡಿ ನೋಡಿ, "ಹಳೇ ರಕ್ತದ ರಿಪೋರ್ಟ್ ಎಲ್ಲ ಇಟ್ಟಿದ್ದೀರಾ?" ಎಂದರು.

ಇಟ್ಟಿದ್ದು ನಾನಲ್ಲ, ನನ್ನ ಹೆಂಡತಿ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ, ಕರೆಂಟ್ ಬಿಲ್ಲುಗಳ ಜೊತೆ. ರಾತ್ರಿ ಕೂತು ತಾರೀಖಿನ ಪ್ರಕಾರ ಜೋಡಿಸಿದೆವು. ಎಸಿನೋಫಿಲ್, ಅಂದರೆ ಅದೇ ಬಿಳಿ ಕಣ, ಶೇಕಡಾ 18, ಆಮೇಲೆ 22, ಆಮೇಲೆ 31. ಪ್ರತಿ ಲ್ಯಾಬಿನವರೂ ಆ ಅಂಕೆಯ ಕೆಳಗೆ ಗೆರೆ ಎಳೆದಿದ್ದರು. ಗೆರೆಗಳೆಲ್ಲ ಒಂದೇ ಮೇಜಿನ ಮೇಲೆ ಬಂದದ್ದು ಮಾತ್ರ ಅವತ್ತೇ ಮೊದಲು. ದಮ್ಮಿನ ಫೈಲು ಒಂದು ಆಸ್ಪತ್ರೆಯಲ್ಲಿ, ಮೂಗಿನದು ಇನ್ನೊಂದರಲ್ಲಿ, ಚರ್ಮದ ಚೀಟಿ ಮತ್ತೊಂದರಲ್ಲಿ. ಅವರವರ ಜಾಗದಲ್ಲಿ ಅವರವರದು ಸರಿಯೇ ಇತ್ತು. ಇವತ್ತು ನನ್ನ ಕೈಲಿ ಒಂದೇ ಫೈಲು, ಮೊದಲ ಹಾಳೆಯಲ್ಲಿ ಒಂದು ಪುಟದ ಪಟ್ಟಿ: ಯಾವ ತಿಂಗಳು ಏನಾಯಿತು, ಯಾವ ಮಾತ್ರೆ, ಯಾವಾಗ ನಿಂತಿತು. ಸ್ಟೀರಾಯ್ಡ್ ನಿಲ್ಲಿಸಿದ ಎರಡು ವಾರಕ್ಕೆ ಮಚ್ಚೆ ಬಂತು ಅನ್ನುವುದು ಆ ಪಟ್ಟಿ ಬರೆಯುವಾಗಲೇ ನನಗೂ ಹೊಳೆದದ್ದು. ಒಳಗಿದ್ದ ಕಾಯಿಲೆಯನ್ನು ಆ ಮಾತ್ರೆ ಅಷ್ಟು ದಿನ ಮುಚ್ಚಿಟ್ಟಿತ್ತು.

ಶಿವಮೊಗ್ಗದ ಡಾಕ್ಟರು ಅನುಮಾನ ಬರೆದು ಬೆಂಗಳೂರಿಗೆ ಪತ್ರ ಕೊಟ್ಟರು. ನಿಮ್ಹಾನ್ಸ್ ಹೆಸರು ಬಂದ ಕೂಡಲೇ ನಮ್ಮಕ್ಕ ಫೋನಿನಲ್ಲಿ ಅಳುವುದೊಂದು ಬಾಕಿ. "ನಿಂಗೆ ಕಾಲು ನೋವು ಮಾರಾಯ, ತಲೆಗೇನಾಗಿದೆ?" ಅಲ್ಲಿ ನರರೋಗಗಳಿಗೂ ದೊಡ್ಡ ವಿಭಾಗವಿದೆ ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ನಮ್ಮ ಯೋಜನೆಯೇ ಬದಲಾಯಿತು. ಶ್ವಾಸಕೋಶ, ಚರ್ಮ, ಹೃದಯ, ಜೊತೆಗೆ ಸಂಧಿವಾತ ವಿಭಾಗ, ಎಲ್ಲ ಒಂದೇ ಕಡೆ ಬೇಕಿತ್ತು, ಹಾಗಾಗಿ ಬೇರೊಂದು ದೊಡ್ಡ ಆಸ್ಪತ್ರೆ. ಇಂಥ ಕಾಯಿಲೆ ನೋಡುವವರು ಬಹಳ ಸಲ ಸಂಧಿವಾತ ತಜ್ಞರು, ಅಂದರೆ ರುಮಟಾಲಜಿಸ್ಟ್. ಕೀಲುನೋವು ಇಲ್ಲದವನಿಗೆ ಆ ಬೋರ್ಡಿನ ಕೆಳಗೆ ಯಾಕೆ ಕೂರಿಸಿದ್ದಾರೆಂದು ನಾನು ಒಂದು ಗಂಟೆ ತಲೆ ಕೆಡಿಸಿಕೊಂಡಿದ್ದೆ. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಮೇಲೆ ತಿರುಗಿ ಬೀಳುವ ಕಾಯಿಲೆಗಳೆಲ್ಲ ಅವರ ಪಾಲು.

ಕಾಗದಪತ್ರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನನ್ನ ರೆಫರಲ್ ಚೀಟಿಯಲ್ಲಿ ಚರ್ಮದ ವಿಭಾಗ ಎಂದಿತ್ತು, ಕೌಂಟರಿನಲ್ಲಿ ಒಪ್ಪಲಿಲ್ಲ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ರೇಷನ್ ಕಾರ್ಡಿನಲ್ಲಿ ಹಿಂದೆ. ಅದಕ್ಕೂ ಒಂದು ದಿನ. ಊರು ಬಿಡುವ ಮೊದಲೇ ರೆಫರಲ್ ಚೀಟಿಯನ್ನು ಅಲ್ಲೇ ನಿಂತು ಓದಿಕೊಳ್ಳಿ, ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ಕೂತ ಮೇಲೆ ಓದಿದರೆ ಪ್ರಯೋಜನವಿಲ್ಲ. ನಾನು ಅಲ್ಲೇ ಓದಿದ್ದು.

ಜನವರಿಯ ಎರಡನೇ ವಾರ ದಾಖಲಾದೆ. ಅದೃಷ್ಟವೋ ದುರದೃಷ್ಟವೋ, ಹಿಂದಿನ ರಾತ್ರಿ ಲಾಡ್ಜಿನಲ್ಲಿ ಹೊಸ ಮಚ್ಚೆ ಎದ್ದಿತ್ತು. ರುಮಟಾಲಜಿ ಡಾಕ್ಟರು ಅದನ್ನು ನೋಡಿ ಖುಷಿಯಾಗಿದ್ದು ನನಗೆ ವಿಚಿತ್ರ ಎನಿಸಿತು. ಹಳೆಯ ಮಚ್ಚೆಯಲ್ಲಿ ಸಾಕ್ಷಿ ಅಳಿಸಿಹೋಗಿರುತ್ತದೆಯಂತೆ, ಒಂದೆರಡು ದಿನದೊಳಗಿನದೇ ಬೇಕು. ಪೆನ್ನಿನಲ್ಲಿ ಸುತ್ತು ಹಾಕಿದರು.

ಚರ್ಮದ ಬಯಾಪ್ಸಿಗೆ ಹೆದರುವಂಥದ್ದೇನಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದಾಗಿನ ಉರಿಯೇ ದೊಡ್ಡದು. ಆಫೀಸಿನ ಪಂಚಿಂಗ್ ಮೆಷಿನ್ ಕಾಗದಕ್ಕೆ ತೂತು ಹೊಡೆದ ಹಾಗೆ, ಒಂದು ದುಂಡು ಬ್ಲೇಡು ತಿರುವಿ ಮೂರು ನಾಲ್ಕು ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ. ಮಚ್ಚೆಯಿಂದ ಎರಡು ಚೂರು, ರಕ್ತನಾಳ ನೋಡಲು. ಮಚ್ಚೆ ಇಲ್ಲದ ಕಡೆ ಎರಡು, ಒಂದು ಕಾಲಿನ ಹೊರಗಂಟಿನಿಂದ ಸರಿಯಾಗಿ 10 ಸೆಂಟಿಮೀಟರ್ ಮೇಲೆ, ಇನ್ನೊಂದು ತೊಡೆಯ ಮೇಲ್ಭಾಗದಲ್ಲಿ. ಅವು ನರದ ತುದಿಗಳನ್ನು ಎಣಿಸಲು. ಎನ್‌ಸಿಎಸ್ ಪರೀಕ್ಷೆಗೆ ದೊಡ್ಡ ನರತಂತುಗಳು ಮಾತ್ರ ಸಿಗುತ್ತವೆ. ಉರಿ, ಬಿಸಿ, ಚಳಿ ತಿಳಿಸುವ ಸೂಕ್ಷ್ಮ ತಂತುಗಳು ಅದರ ಬಲೆಗೆ ಬೀಳುವುದಿಲ್ಲ. ಅವು ಚರ್ಮದ ಮೇಲ್ಪದರದವರೆಗೆ ಹುಲ್ಲಿನ ಗರಿಕೆಯ ಹಾಗೆ ಎದ್ದು ನಿಂತಿರುತ್ತವೆ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಎಂದು ಎಣಿಸುತ್ತಾರೆ.

ಇಲ್ಲೊಂದು ಎಡವಟ್ಟು. ಚೂರುಗಳ ಬಾಟಲಿ ಲ್ಯಾಬಿಗೆ ಒಯ್ಯುವುದು ರೋಗಿಯ ಕಡೆಯವರೇ. ಭಾವ ಮೂರು ಮಹಡಿ ಇಳಿದು, ಅಂಗಳ ದಾಟಿ, ಇನ್ನೊಂದು ಕಟ್ಟಡಕ್ಕೆ ಹೋದ. ಅಲ್ಲಿದ್ದ ಹೆಂಗಸು ಒಂದು ಬಾಟಲಿಯ ಮುಚ್ಚಳ ತೆಗೆದು ದೂರದಿಂದಲೇ ಮೂಸಿ, "ಇದು ಫಾರ್ಮಲಿನ್ ಅಲ್ವಾ? ಇಮ್ಯುನೊಫ್ಲೋರೆಸೆನ್ಸ್‌ಗೆ ನಡೆಯಲ್ಲ, ವಾಪಸ್ ತಗೊಂಡು ಹೋಗಿ" ಎಂದಳಂತೆ. ಒಂದೊಂದು ಚೂರಿಗೂ ಒಂದೊಂದು ದ್ರವ. ಮಾಮೂಲು ಪರೀಕ್ಷೆಗೆ ಫಾರ್ಮಲಿನ್, ಹೊಳೆಯುವ ಬಣ್ಣ ಹಾಕಿ ನೋಡುವ ಇಮ್ಯುನೊಫ್ಲೋರೆಸೆನ್ಸ್‌ಗೆ ಮೈಕೆಲ್ ದ್ರಾವಣ, ನರ ಎಣಿಕೆಯದು ಮತ್ತೂ ಬೇರೆ. ಯಾರೋ ಎರಡನ್ನು ಒಂದೇ ಡಬ್ಬಿಯಿಂದ ತುಂಬಿಸಿದ್ದರು. ಮರುದಿನ ಕಾಲಿಗೆ ಇನ್ನೊಂದು ತೂತು, ಇನ್ನೊಂದು ಸಾವಿರದ ಎಂಟುನೂರು ರೂಪಾಯಿ. ಬಾಟಲಿ ಕೈಗೆ ಬಂದಾಗ ಅದರ ಮೇಲೆ ಪರೀಕ್ಷೆಯ ಹೆಸರಿದೆಯೇ, ಯಾವ ದ್ರವ ಹಾಕಿದ್ದೀರಿ ಎಂದು ಕೇಳಿ. ಸಿಡುಕುತ್ತಾರೆ, ಸಿಡುಕಲಿ. ಕ್ರಯೊಗ್ಲೋಬ್ಯುಲಿನ್ ಎಂಬ ರಕ್ತ ಪರೀಕ್ಷೆ ಬರೆದಿದ್ದರೆ ಅದಕ್ಕೂ ಇಂಥದ್ದೇ ಕಟ್ಟಳೆ. ರಕ್ತವನ್ನು ಮೈಯ ಬಿಸಿಯಲ್ಲೇ, 37 ಡಿಗ್ರಿಯಲ್ಲೇ ಲ್ಯಾಬಿಗೆ ಮುಟ್ಟಿಸಬೇಕು, ತಣ್ಣಗಾದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಆದ್ದರಿಂದ ಆ ಲ್ಯಾಬು ಇರುವ ಕಟ್ಟಡದಲ್ಲೇ ರಕ್ತ ಕೊಡಿ.

ಕಾಲಿನ ನರದ ಬಯಾಪ್ಸಿ ಮಾತ್ರ ಬೇರೆ ಮಾತು. ಕಾಲಿನ ಹೊರಗಂಟಿನ ಹಿಂದೆ ಸೂರಲ್ ಎಂಬ ನರವಿದೆ, ಸ್ಪರ್ಶ ತಿಳಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದರ ಒಂದು ತುಂಡನ್ನೇ ಕತ್ತರಿಸಿ ತೆಗೆಯುತ್ತಾರೆ. ಪಾದದ ಹೊರ ಅಂಚು ಶಾಶ್ವತವಾಗಿ ಮರಗಟ್ಟುತ್ತದೆ ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ಎಚ್ಚರದಲ್ಲೇ ಇರುತ್ತೀರಿ. ನರ ಕತ್ತರಿಸುವ ಆ ಒಂದು ಕ್ಷಣ ಮೀನಖಂಡದಿಂದ ಕಿರುಬೆರಳಿನವರೆಗೆ ಮಿಂಚು ಹೊಡೆಯಿತು, ಬಾಯಿಂದ ತಂತಾನೇ "ಅಮ್ಮಾ" ಬಂತು. ಹೊಲಿಗೆ ಬಿಚ್ಚಿದ್ದು ಹನ್ನೆರಡನೇ ದಿನ.

ಆಮೇಲೆ ಕಾಯುವುದು. ಮಚ್ಚೆಯ ವರದಿಗೆ ಒಂಬತ್ತು ದಿನ, ನರದ್ದಕ್ಕೆ ಎರಡು ವಾರ ದಾಟಿತು, ಎಣಿಕೆಯದು ಹೊರಗಡೆ ಕಳಿಸಿ ಬರಲು ತಿಂಗಳು. ನಡುವೆ ಇಂಥ ರಕ್ತನಾಳದ ಕಾಯಿಲೆ ಹುಡುಕಲು ಮಾಡುವ ಎಎನ್‌ಸಿಎ ಎಂಬ ರಕ್ತ ಪರೀಕ್ಷೆ ನೆಗೆಟಿವ್ ಬಂತು. ಮನೆಯಲ್ಲಿ ಸಂಭ್ರಮ, ಅಕ್ಕ ಸಿಗಂದೂರಿಗೆ ಹರಕೆ ತೀರಿಸಲು ಹೊರಟೇಬಿಟ್ಟಳು. ನನಗಿದ್ದ ಕಾಯಿಲೆಯಲ್ಲಿ ಆ ಪರೀಕ್ಷೆ ಪಾಸಿಟಿವ್ ಬರುವುದು ಅರ್ಧಕ್ಕಿಂತ ಕಡಿಮೆ ಜನರಿಗೆ ಎಂದು ಡಾಕ್ಟರು ಹೇಳಿದ್ದು ಸಂಜೆಯ ರೌಂಡ್ಸ್‌ನಲ್ಲಿ. ಅಕ್ಕನಿಗೆ ನಾನು ಫೋನು ಮಾಡಲಿಲ್ಲ.

ಚರ್ಮದ ವರದಿ ಬಂದ ದಿನ ಒಬ್ಬ ಕಿರಿಯ ಡಾಕ್ಟರು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಚರ್ಮದೊಳಗಿನ ಸಣ್ಣ ರಕ್ತನಾಳಗಳ ಗೋಡೆ ಉರಿಯೂತದಿಂದ ಕೊಳೆತಿತ್ತು, ಸುತ್ತ ಎಸಿನೋಫಿಲ್‌ಗಳ ಗುಂಪು. ಹದಿಮೂರು ವರ್ಷ ರಕ್ತದ ವರದಿಯಲ್ಲಿ ಗೆರೆ ಎಳೆಸಿಕೊಂಡ ಅದೇ ಕಣ. ನರಕ್ಕೂ ಹೀಗೇ ಆಗಿದೆ ಎಂದಳು, ನರ ಎಂಬುದು ಬರೀ ತಂತಿಯಲ್ಲ, ಅದಕ್ಕೂ ಊಟ ಬೇಕು, ಕೂದಲೆಳೆಯಂಥ ನಾಳಗಳು ಅದಕ್ಕೆ ರಕ್ತ ಕೊಡುತ್ತವೆ. ನನಗೆ ತೋಟದ ಡ್ರಿಪ್ ಪೈಪು ನೆನಪಾಯಿತು. ನಡುವೆ ಎಲ್ಲೋ ಕಟ್ಟಿಕೊಂಡರೆ ಮೊದಲು ಒಣಗುವುದು ಸಾಲಿನ ತುದಿಯ ಸಸಿ. ಹಾಗೆ ಹೇಳಿದೆ. "ಕರೆಕ್ಟ್, ಆದ್ರೆ ನಿಮ್ಮ ತೋಟದಲ್ಲಿ ಒಂದೊಂದು ಸಾಲಲ್ಲಿ ಒಂದೊಂದು ಕಡೆ ಕಟ್ಟಿದೆ" ಎಂದಳು. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದದಲ್ಲಿ ಸಮನಾಗಿ, ನಿಧಾನಕ್ಕೆ ಏರುತ್ತದೆ. ನನ್ನದು ಬಲಗಾಲು ಒಂದು ದಿನ, ಎಡಗೈ ಇನ್ನೊಂದು ದಿನ. ಆ ಸೊಟ್ಟ ಲೆಕ್ಕವೇ ಸುಳಿವಾಗಿತ್ತು. ಆಮೇಲೆ ಬಂದ ಎಣಿಕೆಯಲ್ಲಿ ಕಾಲಿನ ಗಂಟಿನ ಬಳಿ ಮಿಲಿಮೀಟರಿಗೆ ಎರಡು ತಂತು ಕೂಡ ಇರಲಿಲ್ಲ, ತೊಡೆಯಲ್ಲಿ ಪರವಾಗಿಲ್ಲ ಅನ್ನುವಷ್ಟಿತ್ತು.

ಕಾಯಿಲೆಯ ಹೆಸರು ಇಜಿಪಿಎ. ಪೂರ್ತಿ ಹೆಸರು ಬರೆದರೆ ಅರ್ಧ ಸಾಲು, ಎಸಿನೋಫಿಲಿಕ್ ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್. 1951ರಲ್ಲಿ ಜೇಕಬ್ ಚರ್ಗ್, ಲೋಟೆ ಸ್ಟ್ರಾಸ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು ಇದನ್ನು ವಿವರಿಸಿದ್ದರಿಂದ ಹಿಂದೆಲ್ಲ ಚರ್ಗ್ ಸ್ಟ್ರಾಸ್ ಎನ್ನುತ್ತಿದ್ದರು, 2012ರಲ್ಲಿ ಹೆಸರು ಬದಲಾಯಿತು. ಈ ಇತಿಹಾಸ ನನಗ್ಯಾಕೆ ಬಾಯಿಪಾಠವೆಂದರೆ, ಡಿಸ್ಚಾರ್ಜ್ ಸಾರಾಂಶದಲ್ಲಿ ಹೊಸ ಹೆಸರು, ಬಯಾಪ್ಸಿ ವರದಿಯಲ್ಲಿ ಹಳೆಯದು. ಸಂಘದ ಗುಂಪು ವಿಮೆಯ ಕಂಪನಿಯವರು ಎರಡು ಕಾಯಿಲೆಗೆ ಒಂದೇ ಬಿಲ್ ಹೇಗೆ ಎಂದು ಕ್ಲೇಮ್ ತಡೆಹಿಡಿದರು. ಎರಡೂ ಒಂದೇ ಎಂದು ಡಾಕ್ಟರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿ ಕಳಿಸಿದೆ. ಆಮೇಲೆ ದಮ್ಮು ಮೊದಲೇ ಇತ್ತಲ್ಲ ಎಂದರು. ಅದಕ್ಕೊಂದು ಪತ್ರ. ಕೊನೆಗೆ ಕೈಗೆ ಬಂದದ್ದು 85,000. ಒಟ್ಟು ಖರ್ಚು, ರೈಲು, ಲಾಡ್ಜು, ಊಟ ಸೇರಿ 2 ಲಕ್ಷದ 40 ಸಾವಿರದ ಹತ್ತಿರ. ಡಿಸ್ಚಾರ್ಜ್ ಆಗುವ ಮೊದಲೇ ಎಲ್ಲ ಕಾಗದದಲ್ಲೂ ಒಂದೇ ಹೆಸರಿದೆಯೇ ನೋಡಿಕೊಳ್ಳಿ.

ಚಿಕಿತ್ಸೆಗೆ ಮೊದಲು ಕ್ಷಯ, ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ನೋಡಿದರು. ಸ್ಟೀರಾಯ್ಡ್ ಕೊಟ್ಟರೆ ಹೊಟ್ಟೆಯಲ್ಲಿ ಅಡಗಿರುವ ಒಂದು ಜಾತಿಯ ಹುಳ ಮೈಯೆಲ್ಲ ಹರಡಬಹುದೆಂದು ಮತ್ತೆ ಹುಳದ ಮಾತ್ರೆ! ಹೃದಯದ ಎಕೋ ಮಾಡುವಾಗ ಮಾತ್ರ ಯಾರೂ ನಗಲಿಲ್ಲ. ಈ ಕಾಯಿಲೆ ಹೃದಯಕ್ಕೆ ಇಳಿದರೆ ಅದೇ ಅಪಾಯ. ಇಳಿದಿರಲಿಲ್ಲ. ಹೆಂಡತಿ ಕಾರಿಡಾರಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮೂರು ದಿನ ದಿನಕ್ಕೆ 1 ಗ್ರಾಂ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಡ್ರಿಪ್, ಆಮೇಲೆ ದಿನಕ್ಕೆ 60 ಮಿಲಿಗ್ರಾಂ ಮಾತ್ರೆಯಿಂದ ಶುರುಮಾಡಿ ಇಳಿಕೆ. ಸೈಕ್ಲೋಫಾಸ್ಫಮೈಡ್ ಇಂಜೆಕ್ಷನ್ ಮೊದಲ ಮೂರು ಡೋಸು ಎರಡು ವಾರಕ್ಕೊಮ್ಮೆ, ಉಳಿದ ಮೂರು ಡೋಸು ಮೂರು ವಾರಕ್ಕೊಮ್ಮೆ. ಇದು ಕ್ಯಾನ್ಸರಿಗೂ ಕೊಡುವ ಔಷಧ. ಡೇ ಕೇರಿನಲ್ಲಿ ಪಕ್ಕದ ಕುರ್ಚಿಯವರು "ನಿಮಗೆ ಎಲ್ಲಿಯ ಕ್ಯಾನ್ಸರು?" ಎಂದು ಕೇಳುತ್ತಾರೆ, ಸಿದ್ಧರಾಗಿರಿ. ಔಷಧದ ಬೆಲೆ ಕೆಲವೇ ನೂರು, ಹಾಸಿಗೆ ಮತ್ತು ಡ್ರಿಪ್‌ನ ಬಾಡಿಗೆಯೇ ಹೆಚ್ಚು. ಮೂತ್ರಕೋಶ ಕೆಡದಿರಲು ಆ ದಿನ ನೀರು ಕುಡಿಯುತ್ತಲೇ ಇರಬೇಕು. ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಿನವರು ಮೊದಲ ಡೋಸಿಗೆ ಮುಂಚೆಯೇ ಬಾಯಿಬಿಟ್ಟು ಕೇಳಿ, ಈ ಔಷಧ ಆ ಶಕ್ತಿಯನ್ನೇ ಕಿತ್ತುಕೊಳ್ಳಬಹುದು. ನಮ್ಮ ವಾರ್ಡಿನ ಒಬ್ಬ ಹುಡುಗಿಗೆ ಅದೇ ಕಾರಣಕ್ಕೆ ಬೇರೆ ಔಷಧ ಕೊಟ್ಟರು.

ಸ್ಟೀರಾಯ್ಡ್ ಅನ್ನುವುದು ಒಂದು ಬೇರೆಯೇ ಜನ್ಮ. ರಾತ್ರಿ ಎರಡು ಗಂಟೆಗೆ ಎದ್ದು ಅಟ್ಟದ ಡಬ್ಬಿಗಳನ್ನೆಲ್ಲ ತೊಳೆದಿಟ್ಟಿದ್ದೇನೆ. ಹಸಿವೆಂದರೆ ಬಕಾಸುರನದು. ಸಕ್ಕರೆ 340ಕ್ಕೆ ಏರಿ ಎರಡು ತಿಂಗಳು ಇನ್ಸುಲಿನ್ ಚುಚ್ಚಿಕೊಂಡೆ. ಕೆನ್ನೆ ಊದಿತು. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ "ಈಗ ಮೈಕೈ ತುಂಬಿಕೊಂಡು ಚೆನ್ನಾಗಾಗಿದ್ದೀರಿ" ಎನ್ನುತ್ತಾರೆ. ಸಣ್ಣ ಮಾತಿಗೂ ಮಗಳ ಮೇಲೆ ರೇಗಿದ್ದೇನೆ, ಮರುಗಳಿಗೆ ಅತ್ತಿದ್ದೇನೆ. ಅದು ಮಾತ್ರೆಯ ಗುಣ ಎಂದು ಮನೆಯವರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಆದರೂ ಡಾಕ್ಟರನ್ನು ಕೇಳದೆ ಒಂದು ದಿನವೂ ಇದನ್ನು ನಿಲ್ಲಿಸಬೇಡಿ.

ಮಚ್ಚೆ ಎರಡನೇ ವಾರಕ್ಕೇ ನಿಂತವು. ಎಸಿನೋಫಿಲ್ ಶೇಕಡಾ 1. ದಮ್ಮು ಇಲ್ಲ. ನರ ಮಾತ್ರ ತನ್ನ ಪಾಡಿಗೆ ತಾನು. ಒಳಗಿನ ತಂತು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಪಾದದ ಬೆರಳಿಗೆ ಅಳೆದು ನೋಡಿಕೊಂಡೆ, ಒಂದು ವರ್ಷಕ್ಕೂ ಮೇಲೆ. ಬೆಳೆಯುವಾಗ ಉರಿ ಹೆಚ್ಚಾಗಬಹುದು ಎಂದರು, ಆಗಿದೆ. ಆ ಉರಿಗೆ ರಾತ್ರಿ ಪ್ರಿಗ್ಯಾಬಲಿನ್ ಮಾತ್ರೆ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಅಳತೆ ಕೊಟ್ಟು ಮಾಡಿಸಿದ್ದು 2,800 ರೂಪಾಯಿ, ಹವಾಯಿ ಚಪ್ಪಲಿಗೆ ವಿದಾಯ, ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಹಂಡೆಯ ನೀರಿಗೆ ಬಲಗಾಲು ಇಡುವ ಮೊದಲು ಮೊಣಕೈ ಇಟ್ಟು ನೋಡುತ್ತೇನೆ. ಮಾರ್ಚಿನಲ್ಲಿ ಹಾಗೆ ನೋಡದೆ ಹಿಮ್ಮಡಿ ಬೊಬ್ಬೆ ಬಂದು ಮೂರು ವಾರ ಒಣಗಲಿಲ್ಲ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಈಗ ಹಲ್ಲುಜ್ಜಿದಷ್ಟೇ ಅಭ್ಯಾಸ. ಇನ್ನು ಮುಂದೆ ಕಾಯಿಲೆ ಮರಳದಂತೆ ತಡೆಯಲು ಅಜಥಯೋಪ್ರಿನ್ ಮಾತ್ರೆ, ಶುರುವಿನಲ್ಲಿ ವಾರವಾರ ರಕ್ತ ಪರೀಕ್ಷೆ. ಕೆಲವು ಮಾತ್ರೆ ಜನೌಷಧಿ ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ.

ಸಂಘದವರು ನನ್ನನ್ನು ಲೆಕ್ಕದ ಮೇಜಿಗೆ ಹಾಕಿದ್ದಾರೆ. ಅಡಿಕೆ ಮುಟ್ಟುವ ಕೆಲಸ ಬೇರೆಯವರಿಗೆ. ಮೊನ್ನೆ ಭಾನುವಾರ ಸಂಜೆ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಎಡಗೈ ಚಾಚಿದೆ, ಕಿರುಬೆರಳು ಉಂಗುರಬೆರಳಿನ ನಡುವೆ ಒಂದೊಂದೇ ಕೊಡು, ಹೇಳುತ್ತೇನೆ ಎಂದು ಹೆಂಡತಿಗೆ ಸವಾಲು. ಮೊದಲನೆಯದು ಗೊರಬಲು ಎಂದೆ, ಸರಿ. ಎರಡನೆಯದು ತಪ್ಪಿತು. ಮೂರನೆಯದನ್ನು ಬಹಳ ಹೊತ್ತು ಹೊರಳಿಸಿ, ತೂಗಿ, "ರಾಶಿ, ಒಳ್ಳೇ ಮಾಲು" ಎಂದೆ. ಮಗಳು ಕಿಸಕ್ಕನೆ ನಕ್ಕಳು. ಕಣ್ಣು ಬಿಟ್ಟು ನೋಡಿದರೆ ಹುಣಸೆಬೀಜ.